ಅಲುಗದ ಸೊನ್ನೆ

ಸೊಲಾಂಜ್ ಬುಲಿಯಾನ್ ಯಾರು ಅಂತ ನಮ್ಮೂರಿನಲ್ಲಿ ಯಾರನ್ನೇ ಕೇಳಿ, ನೂರಾ ಹದಿನೆಂಟು ಜನರ ಹೊಟ್ಟೆ ಮೇಲೆ ಹೊಡೆದವಳು ಎನ್ನುತ್ತಾರೆ. ಹಾಗೆ ಹೇಳುವವರಲ್ಲಿ ಅರ್ಧ ಜನಕ್ಕೆ ಅವಳು ಮಾಡಿದ್ದೇನು ಎನ್ನುವುದೇ ಸರಿಯಾಗಿ ಗೊತ್ತಿಲ್ಲ. ನನಗೆ ಗೊತ್ತು, ಪಕ್ಕದಲ್ಲೇ ನಿಂತಿದ್ದೆ. ಬೇಕರಿಯಲ್ಲಿ, ಚರ್ಚಿನ ಮೆಟ್ಟಿಲ ಮೇಲೆ, ಹೆಪ್ಪುಗಟ್ಟಿದ ಸಗೆನೆ ಹೊಳೆಯ ಮೇಲಿನ ಮೀನು ಹಿಡಿಯುವ ಗುಡಿಸಲುಗಳಲ್ಲಿ ಹೇಳಿ ಹೇಳಿ ನನಗೆ ಬಾಯಿ ನೋವು ಬಂದಿದೆ. ಇನ್ನು ಬರೆದೇ ಇಟ್ಟುಬಿಡುತ್ತೇನೆ. ಓದುವವರು ಓದಲಿ, ಬಿಡುವವರು ಬಿಡಲಿ.

ಅವಳ ಮನೆಯ ಮಹಡಿಯಲ್ಲಿ ನಾನು ಹನ್ನೊಂದು ವರ್ಷದಿಂದ ಬಾಡಿಗೆಗಿದ್ದೇನೆ. ಕುಳ್ಳಗಿನ ಗಟ್ಟಿಮುಟ್ಟಾದ ಹೆಂಗಸು, ಈಗ ಅರವತ್ತೆರಡು. ಮೈಗೆ ಹೋಲಿಸಿದರೆ ಬೆರಳುಗಳು ಮಾತ್ರ ತೀರಾ ಸಣ್ಣವು, ಶಾಲೆಗೆ ಹೋಗುವ ಹುಡುಗಿಯ ಬೆರಳಿನಂತೆ. ಮದುವೆಯಾಗಲಿಲ್ಲ. ತಾಯಿ ತೀರಿಕೊಂಡಾಗ ಅವಳಿಗೆ ಹದಿನೇಳು, ತಮ್ಮ ಲೆಯಾಂಡ್ರ್‌ಗೆ ಹನ್ನೊಂದು. ತಂದೆ ಕಾಡಿನಲ್ಲಿ ಮರ ಕಡಿಯುವ ಕ್ಯಾಂಪುಗಳಲ್ಲೇ ಇರುತ್ತಿದ್ದ. ತಮ್ಮನನ್ನು ಬೆಳೆಸಿದ್ದು ಇವಳೇ. ಅವನ ಬೂಟು, ಅವನ ಹಲ್ಲುನೋವು, ಅವನ ಮೊದಲ ಕೆಲಸದ ಅರ್ಜಿ, ಎಲ್ಲ ಇವಳ ಕೈಯಿಂದಲೇ ಆಗಿದ್ದು.

ಟೆಲಿಫೋನಿನ ಬಿಡಿಭಾಗ ಮಾಡುವ ಕಡೆ ಇಪ್ಪತ್ತೆರಡು ವರ್ಷ ಬೆಸುಗೆ ಹಾಕಿದಳು. ಅದು ಮುಚ್ಚಿತು. ಆಮೇಲೆ ಲೆಯಾಂಡ್ರ್ ಕೆಲಸ ಮಾಡುತ್ತಿದ್ದ ಅಲ್ಯೂಮಿನಿಯಂ ಕಾರ್ಖಾನೆಗೇ ಸೇರಿಕೊಂಡಳು. ಅವಳ ಸಹಾಯಕಿಯಾಗಿ ಸೇರಿದವಳು ನಾನು. ಮೊದಲ ದಿನವೇ ನನ್ನ ತಲೆಯ ಪಿನ್ನುಗಳನ್ನು ಕಿತ್ತು ಒಂದು ಡಬ್ಬಿಗೆ ಹಾಕಿ, ಕೂದಲಿಗೆ ನೂಲು ಕಟ್ಟಿದಳು. ನಮ್ಮ ತೊಟ್ಟಿಗಳ ಹತ್ತಿರ ಅಯಸ್ಕಾಂತದ ಎಳೆತಕ್ಕೆ ಪಿನ್ನು ತಾನಾಗಿ ನಿಮಿರಿ ನಿಲ್ಲುತ್ತದೆ, ಕೈಗಡಿಯಾರ ನಿಂತೇ ಹೋಗುತ್ತದೆ. ಬಿಳಿ ಪುಡಿ ಕರಗಿ ಲೋಹವಾಗುವ ತೊಟ್ಟಿಗಳವು, ಒಂದರ ಪಕ್ಕ ಒಂದು, ಶೆಡ್ಡಿನ ಉದ್ದಕ್ಕೂ ಎರಡು ಸಾಲು. ಅವುಗಳ ಮೂಲಕ ಅರವತ್ತು ಸಾವಿರ ಆಂಪಿಯರ್ ಕರೆಂಟ್ ಹಗಲೂ ರಾತ್ರಿ ಹರಿಯುತ್ತಿತ್ತು. ಮೊದಲ ಸಾಲು ಮುಗಿಯುವಲ್ಲಿ ಆ ಕರೆಂಟ್ ನಾವು ಬಾರು ಎನ್ನುವ ದಪ್ಪ ಲೋಹದ ಸರಳುಗಳ ಮೇಲೆ ತಿರುಗಿ ಎರಡನೇ ಸಾಲಿಗೆ ಹೋಗುತ್ತಿತ್ತು. ಆ ತಿರುವಿನ ಕೊನೆಯ ತೊಟ್ಟಿ ಲೆಯಾಂಡ್ರ್‌ನದು. ಇಪ್ಪತ್ತೇಳು ವರ್ಷ ಅಲ್ಲೇ ನಿಂತಿದ್ದ. ಬಾರುಗಳು ಸದಾ ಬಿಸಿ. ಚಳಿಗಾಲದಲ್ಲಿ ಗಂಡಸರೆಲ್ಲ ಒದ್ದೆ ಕೈಗವಸನ್ನು ಅದರ ಕೆಳಗಿನ ಕಟ್ಟೆಯ ಮೇಲೆ ಹರಡಿ ಒಣಗಿಸಿಕೊಳ್ಳುತ್ತಿದ್ದರು. ಆ ಬಿಸಿಯೆಂದರೆ ಪೋಲಾಗುವ ಕರೆಂಟ್, ಅದೇ ನಮ್ಮನ್ನು ತಿನ್ನುತ್ತಿತ್ತು ಎಂದು ಯಾರಿಗೂ ಅನ್ನಿಸಿರಲಿಲ್ಲ. ದೂರದ ಹೆಡ್ ಆಫೀಸಿನಿಂದ ಕಾಗದ ಬಂದಾಗಲೇ ಗೊತ್ತಾಗಿದ್ದು: ಒಂದು ಕಿಲೋ ಲೋಹಕ್ಕೆ ಖರ್ಚಾಗುವ ಕರೆಂಟ್ ಇಳಿಸಿ, ಇಲ್ಲವಾದರೆ ವಸಂತಕ್ಕೆ ಶೆಡ್ಡು ಮುಚ್ಚುತ್ತೇವೆ.

ಆಗ ಎಂಜಿನಿಯರ್ ತಿವಿಯೆರ್ಜ್ ಅತಿವಾಹಕದ ಪಟ್ಟಿಗಳನ್ನು ತಂದರು. ನೋಡಿದರೆ ಉಡುಗೊರೆಗೆ ಕಟ್ಟುವ ರಿಬ್ಬನ್ ಅನ್ನಬೇಕು, ಅಷ್ಟು ತೆಳು. ದ್ರವ ನೈಟ್ರೋಜನ್ನಿನಲ್ಲಿ ಮುಳುಗಿಸಿ ವಿಪರೀತ ಚಳಿಗೆ ತಂದರೆ ಅದರೊಳಗೆ ಕರೆಂಟ್ ಎಳ್ಳಷ್ಟೂ ನಷ್ಟವಿಲ್ಲದೆ ಹರಿಯುತ್ತದೆ. ಆ ತಿರುವಿನ ಬಾರುಗಳ ಬದಲಿಗೆ ಇಂಥ ನೂರಾರು ಪಟ್ಟಿ ತುಂಬಿದ ಒಂದು ಕೊಳವೆ ಹಾಕುವುದು, ಅದು ಗೆದ್ದರೆ ಇಡೀ ಶೆಡ್ಡಿಗೆ ಹಾಕುವುದು, ಇದು ಅವರ ಯೋಜನೆ. ಪಟ್ಟಿಯಲ್ಲಿ ನಷ್ಟವಿಲ್ಲ, ನಿಜ. ಆದರೆ ಎರಡು ತುದಿಯಲ್ಲೂ ಅದನ್ನು ತಾಮ್ರದ ಗಟ್ಟಿಗೆ ಬೆಸೆಯಲೇಬೇಕು. ಬೆಸುಗೆ ಸ್ವಲ್ಪ ಕೆಟ್ಟರೂ ಅಲ್ಲಿ ಬಿಸಿ ಹುಟ್ಟುತ್ತದೆ, ನೈಟ್ರೋಜನ್ ಕುದಿಯುತ್ತದೆ, ಪಟ್ಟಿ ತನ್ನ ಗುಣ ಕಳೆದುಕೊಳ್ಳುತ್ತದೆ, ಆಮೇಲೆ ಅರವತ್ತು ಸಾವಿರ ಆಂಪಿಯರ್ ದಾರಿ ಕಾಣದೆ ಅಲ್ಲೇ ಸಿಡಿಯುತ್ತದೆ. ಪಕ್ಕದಲ್ಲಿ ನಿಂತವನ ಗತಿ ಹೇಳಬೇಕಾಗಿಲ್ಲ. ಬೆಸುಗೆಯಲ್ಲಾಗುವ ನಷ್ಟಕ್ಕೆ ಹೆಡ್ ಆಫೀಸು ಹಾಕಿದ ಮಿತಿ ಎರಡು ಮಿಲಿವೋಲ್ಟ್. ಅದರೊಳಗೆ ಬಂದರೆ ಬೆಸುಗೆ ಪಾಸು. ಆ ಚಳಿಗಾಲ ಊರಿನ ಮಕ್ಕಳಿಗೂ ಎರಡು ಎನ್ನುವ ಅಂಕಿ ಬಾಯಿಪಾಠವಾಗಿತ್ತು.

ಮೊದಲ ತುದಿಯ ಬೆಸುಗೆಗೆ ಜಾಗ ಸಲೀಸಾಗಿತ್ತು. ಎರಡನೆಯದು ಲೆಯಾಂಡ್ರ್‌ನ ತೊಟ್ಟಿಯ ಹಿಂದೆ, ಇಕ್ಕಟ್ಟಿನಲ್ಲಿ. ಸೊಲಾಂಜ್ ಒಂಬತ್ತು ದಿನ ಬೆನ್ನ ಮೇಲೆ ಮಲಗಿ ಆ ಪಟ್ಟಿಗಳನ್ನು ಒಂದೊಂದಾಗಿ ಬೆಸೆದಳು. ನಾನು ದೀಪ ಹಿಡಿದೆ, ಬೆವರು ಒರೆಸಿದೆ. ಕೊನೆಗೆ ಬೆಸುಗೆಯಿಂದ ಮೀಟರಿಗೆ ಹೋಗುವ ಅಳತೆಯ ತಂತಿ ಎರಡನ್ನು ಹಾಕಿದಳು, ಕೂದಲೆಳೆಯಷ್ಟು ಸಣ್ಣವು. ನಮ್ಮ ಶೆಡ್ಡಿನಲ್ಲಿ ಅಳತೆಯ ತಂತಿಗಳನ್ನು ಒಂದಕ್ಕೊಂದು ಬಿಗಿಯಾಗಿ ಹೊಸೆಯುವುದು ರೂಢಿ. ಹಾಗೆ ಮಾಡದಿದ್ದರೆ ಅಲ್ಲಿನ ಅಯಸ್ಕಾಂತದ ಎಳೆತಕ್ಕೆ ಮೀಟರು ಹುಚ್ಚುಹುಚ್ಚಾಗಿ ಕುಣಿಯುತ್ತದೆ. ಹೊಸೆದಳು. ಎಂದಿಗಿಂತ ಒಂದು ಸುತ್ತು ಜಾಸ್ತಿಯೇ ಹೊಸೆದಳು, ತಮ್ಮನ ತೊಟ್ಟಿ ಪಕ್ಕದ ಅಳತೆ ಸ್ವಲ್ಪವೂ ತಪ್ಪಬಾರದು ಎಂದು.

ಅವಳು ನನಗೆ ಕಲಿಸಿದ ಪಾಠ ಒಂದಿದೆ. ಪಟ್ಟಿ ಸೊನ್ನೆ ತೋರಿಸಬಹುದು, ಬೆಸುಗೆ ಎಂದೂ ಸೊನ್ನೆ ತೋರಿಸುವುದಿಲ್ಲ. ತಾಮ್ರವೂ ಸೀಸವೂ ತಮ್ಮ ಪಾಲನ್ನು ತಿಂದೇ ತಿನ್ನುತ್ತವೆ. ಬೆಸುಗೆ ಮೇಲೆ ಸೊನ್ನೆ ಬಂದರೆ, ಆ ಎರಡು ತಂತಿ ಮೀಟರಿಗೆ ಮುಟ್ಟುವ ಮೊದಲೇ ಎಲ್ಲೋ ಒಂದಕ್ಕೊಂದು ತಾಗಿವೆ ಎಂದೇ ಅರ್ಥ. "ಸೊನ್ನೆ ಬಂದ್ರೆ ಹಿಗ್ಬೇಡ ಮಗಳೇ, ಮೊದಲು ತಂತಿ ನೋಡು" ಎನ್ನುತ್ತಿದ್ದಳು. ತಂತಿ ನೋಡಬೇಕಾದರೆ ಕರೆಂಟನ್ನು ಹಳೆಯ ಬಾರುಗಳಿಗೆ ತಿರುಗಿಸಿ, ತುದಿಯನ್ನು ಬೆಚ್ಚಗಾಗಿಸಿ, ಆ ಬಿಸಿಗೆ ಅಂಕಿ ಸ್ವಲ್ಪವಾದರೂ ಮೇಲೇಳುತ್ತದೋ ಇಲ್ಲವೋ ಕಾಯಬೇಕು, ತಂತಿ ತಾಗಿದ್ದರೆ ಏಳುವುದಿಲ್ಲ. ಅರ್ಧ ದಿನದ ಕೆಲಸ.

ಪರೀಕ್ಷೆಯ ದಿನ ಹೆಡ್ ಆಫೀಸಿನಿಂದ ನಾಲ್ಕು ಜನ ಬಂದಿದ್ದರು. ಹೊಚ್ಚ ಹೊಸ ಹೆಲ್ಮೆಟ್, ಕಾಲಿಗೆ ಪೇಟೆಯ ಬೂಟು. ಮೊದಲ ತುದಿ ಒಂದು ಪಾಯಿಂಟ್ ಮೂರು ತೋರಿಸಿತು. ಎಲ್ಲರೂ ಹೆದರಿದ್ದ ಎರಡನೇ ತುದಿ ಸೊನ್ನೆ ತೋರಿಸಿತು. ಗಂಡಸರು ಹೆಲ್ಮೆಟ್ ಮೇಲೆತ್ತಿ ಕೂಗಿದರು. ತಿವಿಯೆರ್ಜ್ ಅವಳನ್ನು ಅಪ್ಪಿಕೊಂಡರು. ಕ್ಯಾಂಟೀನಿನವರು ಬ್ಲೂಬೆರಿ ಹಾಕಿದ ಕೇಕು ತಂದರು, ಮೇಲೆ ಅವಳ ಹೆಸರು ಬೇರೆ. ಅವಳ ತುಟಿ ತೆರೆದದ್ದನ್ನು ನಾನು ನೋಡಿದೆ. ಅರ್ಧ ದಿನ ಕೊಡಿ ಎನ್ನಲು ಹೊರಟಿದ್ದಳು. ಅಷ್ಟರಲ್ಲಿ ಲೆಯಾಂಡ್ರ್ ಬಂದು ಎಲ್ಲರೆದುರು ಅವಳ ಹಣೆಗೆ ಮುತ್ತಿಟ್ಟ. ಅವಳು ಬಾಯಿ ಮುಚ್ಚಿ, ತನ್ನ ನೋಟ್‌ಬುಕ್ಕಿನಲ್ಲಿ ಸೊನ್ನೆ ಬರೆದು, ಕೇಕು ತಿಂದಳು. ತನ್ನ ಕೆಲಸದಲ್ಲಿ ತಾನು ಮಾಡಿದ ನಾಚಿಕೆಗೇಡಿನ ತಪ್ಪು ಅದೊಂದೇ ಎಂದು ಅವಳೇ ಹೇಳುತ್ತಾಳೆ. ನಾನೂ ಸುಮ್ಮನಿದ್ದೆನಲ್ಲ, ನನಗೇನು ಧಾಡಿಯಾಗಿತ್ತು?

ಎರಡು ದಿನ ಕಳೆದು ಶುಕ್ರವಾರ, ನಾವಿಬ್ಬರೂ ಮೀಟರುಗಳ ಮುಂದೆ ನಿಂತು ಟೀ ಕುಡಿಯುತ್ತಿದ್ದೆವು. ತಲೆಯ ಮೇಲೆ ಕ್ರೇನ್ ಹಾದುಹೋಯಿತು. ಕ್ರೇನ್ ಹಾದಾಗಲೆಲ್ಲ ನಮ್ಮ ಶೆಡ್ಡಿನ ಪ್ರತಿ ಮೀಟರೂ ಒಂದು ಗಳಿಗೆ ನಡುಗುತ್ತದೆ, ಎಷ್ಟು ಹೊಸೆದರೂ ಸ್ವಲ್ಪ ನಡುಗಿಯೇ ನಡುಗುತ್ತದೆ. ಮೊದಲ ತುದಿಯ ಅಂಕಿ ಒಂದೂವರೆಗೆ ಹಾರಿ ಕೆಳಗಿಳಿಯಿತು. ಎರಡನೆಯದರ ಸೊನ್ನೆ ಅಲುಗಲಿಲ್ಲ. ಸೊಲಾಂಜ್ ಟೀ ಲೋಟ ಕೆಳಗಿಟ್ಟಳು. ಕ್ರೇನ್ ವಾಪಸ್ ಬರುವವರೆಗೆ ಕಾದಳು. ವಾಪಸ್ ಬಂತು. ಸೊನ್ನೆ ಹಾಗೇ ಬಿದ್ದಿತ್ತು, ಹೆಣದ ಹಾಗೆ. ತಂತಿ ತಾಗಿವೆ ಎಂದು ನನಗೂ ಗೊತ್ತಾಯಿತು. ಅವಳು ನನ್ನ ಕಡೆ ತಿರುಗಲೂ ಇಲ್ಲ.

ಪ್ರತಿ ಭಾನುವಾರ ಲೆಯಾಂಡ್ರ್ ಊಟಕ್ಕೆ ಬರುತ್ತಿದ್ದ. ಗುರ್ಗಾನ್ ಎಂಬ ದಪ್ಪ ಅವರೆಯಂಥ ಕಾಳಿನ ಸೂಪು, ಹಂದಿಮಾಂಸದ ತುಂಡು, ಬ್ರೆಡ್ಡು. ಮೂರು ತಟ್ಟೆ, ನನ್ನದೂ ಸೇರಿ. ಆ ಭಾನುವಾರ ಅವಳು ಅವನಿಗೆ ಎಲ್ಲ ಹೇಳಿದಳು. ತಂತಿ ತಾಗಿವೆ, ಬೆಸುಗೆ ಹೇಗಿದೆಯೋ ಯಾರಿಗೂ ಗೊತ್ತಿಲ್ಲ, ಒಳ್ಳೆಯದಿರಬಹುದು, ಕೆಟ್ಟದ್ದೂ ಇರಬಹುದು. ನಾಳೆ ತಿವಿಯೆರ್ಜ್‌ಗೆ ಹೇಳುತ್ತೇನೆ ಎಂದಳು.

ಅವನು ಚಮಚ ಕೆಳಗಿಡದೆಯೇ ಹೇಳಿದ: "ಮೂರೇ ವಾರ ಅಕ್ಕ. ಹೆಡ್ ಆಫೀಸಿನೋರು ಸಹಿ ಹಾಕೋವರೆಗೆ ಬಾಯಿ ಮುಚ್ಕೊಂಡಿರು. ಆಮೇಲೆ ಊರಿಗೆಲ್ಲ ಹೇಳ್ಕೋ."

"ಆ ಬೆಸುಗೆ ಪಕ್ಕ ನಿಲ್ಲೋನು ನೀನು."

"ನಿಲ್ತೀನಿ. ನನ್ನ ಮೈ, ನನ್ನಿಷ್ಟ."

"ಪಾಳಿಗೊಬ್ಬರು ನಿಲ್ತಾರೆ ಅಲ್ಲಿ, ನೀನೊಬ್ಬನೇ ಅಲ್ವಲ್ಲ."

ಅವನಿಗೆ ಆಗ ಐವತ್ಮೂರು. ಆ ಶೆಡ್ಡು ಬಿಟ್ಟರೆ ಬೇರೆ ಏನೂ ಬಾರದು, ಬೇರೆ ಯಾರೂ ಕರೆಯರು, ಅದು ನಮ್ಮ ಮೂವರಿಗೂ ಗೊತ್ತಿತ್ತು. ಬೇಡಿಕೊಂಡ, ರೇಗಿದ, ಸತ್ತ ತಾಯಿಯ ಹೆಸರು ತೆಗೆದ. ಅವಳು ಅವನ ತಟ್ಟೆಗೆ ಇನ್ನಷ್ಟು ಸೂಪು ಬಡಿಸುತ್ತಲೇ ಇದ್ದಳು. ಕೊನೆಗೆ ಅವನು ನನ್ನನ್ನು ನೋಡಿ ನೀನಾದರೂ ಹೇಳು ಎಂದ. ನಾನು ಬ್ರೆಡ್ಡು ಮುರಿಯುತ್ತಾ ಕೂತೆ. ಯಾರ ಪರವಾಗಿಯೂ ಹೇಳಲಿಲ್ಲ.

ಸೋಮವಾರ ಅವಳು ಹೇಳಿದಳು. ತಿವಿಯೆರ್ಜ್ ಬಿಳಿಚಿಕೊಂಡರು, ಆದರೂ ಮನುಷ್ಯ ಒಳ್ಳೆಯವರು, ಬರೆದು ಕಳಿಸಿದರು. ಕೊಳವೆ ತೆರೆದು, ಹೊಸ ತಂತಿ ಹಾಕಿ ಮತ್ತೆ ಅಳೆಯಲು ಒಂದು ತಿಂಗಳು ಬೇಕು ಎಂದು ಕೇಳಿದರು. ಒಂದು ತಿಂಗಳು! ಎಪ್ಪತ್ತು ವರ್ಷ ಲೋಹ ಸುರಿದ ಶೆಡ್ಡಿಗೆ ಅಷ್ಟು ಕೊಡಲಿಲ್ಲ ಆ ಜನ. ಪ್ರಯೋಗದ ಫಲಿತಾಂಶ ನಂಬುವಂತಿಲ್ಲ, ಹೆಚ್ಚಿನ ಸಮಯ ಸಾಧ್ಯವಿಲ್ಲ ಎಂದು ಎರಡು ಸಾಲು ಬರೆದರು. ಮುಚ್ಚಲು ಅವರಿಗೊಂದು ನೆಪ ಬೇಕಿತ್ತು, ಇವಳ ಪ್ರಾಮಾಣಿಕತೆ ಸಿಕ್ಕಿತು. ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ಹೊಳೆಯ ಮಂಜುಗಡ್ಡೆ ಒಡೆಯುವ ಹೊತ್ತಿಗೆ ಕರೆಂಟ್ ನಿಲ್ಲಿಸಿದರು, ನೂರಾ ಹದಿನೆಂಟು ಜನರ ಕೆಲಸ ಹೋಯಿತು. ತೊಟ್ಟಿಯಲ್ಲಿ ಉಳಿದದ್ದು ತಣಿದು ಕಲ್ಲಾಗಲು ಬಹಳ ಹೊತ್ತು ಬೇಕಿಲ್ಲ. ಗಂಡಸರು ತಮ್ಮ ತಮ್ಮ ತೊಟ್ಟಿಯ ಮುಂದೆ ನಿಂತು ನೋಡಿದರು. ಲೆಯಾಂಡ್ರ್ ಕೈಗವಸು ಕಳಚಿ ಆ ಗಟ್ಟಿಯಾಗುತ್ತಿದ್ದ ಕೆನೆಯ ಮೇಲೆ ಎಸೆದ. ಅದು ಹೊಗೆಯಾಡಿತು ಅಷ್ಟೇ, ಉರಿಯಲಿಲ್ಲ. ಅವತ್ತು ಹೊಸ್ತಿಲು ದಾಟುವಾಗ ಅಕ್ಕನ ಪಕ್ಕದಲ್ಲೇ ಹಾದುಹೋದ, ಕತ್ತೆತ್ತಲಿಲ್ಲ.

ಆಮೇಲೆ ಶುರುವಾಯಿತು ಸೊನ್ನೆಗಳ ಕಾಟ. ಖಾಲಿ ಮಾಡಲು ಹೋದಾಗ ಅವಳ ಲಾಕರಿನ ಮೇಲೆ ಸೀಮೆಸುಣ್ಣದಲ್ಲಿ ಸೊನ್ನೆ. ಕಾರಿನ ಗಾಜಿನ ಹಿಮದ ಮೇಲೆ ಬೆರಳಿನಿಂದ ಗೀಚಿದ ಸೊನ್ನೆ. ಅಂಚೆ ಡಬ್ಬಿಯಲ್ಲಿ ಕಾಗದದಲ್ಲಿ ಕತ್ತರಿಸಿದ ಸೊನ್ನೆ, ಅದೂ ಕ್ರಿಸ್‌ಮಸ್ ಹಿಂದಿನ ದಿನ. ಬೇಕರಿಯ ಹೆಂಗಸು ಅವಳು ಬಂದರೆ ಬೆನ್ನು ತಿರುಗಿಸಿ ಡಬ್ಬಿ ಒರೆಸತೊಡಗುತ್ತಿದ್ದಳು. ನಾನು ಒಮ್ಮೆ ಆ ಹೆಂಗಸಿಗೆ ಬಾಯಿಗೆ ಬಂದಂತೆ ಬೈದು ಬಂದೆ. ಸೊಲಾಂಜ್ ನನ್ನನ್ನೇ ಗದರಿಸಿದಳು. ಆ ಹೆಂಗಸಿನ ಗಂಡನೂ ನಮ್ಮ ಶೆಡ್ಡಿನಲ್ಲೇ ಕೆಲಸ ಮಾಡುತ್ತಿದ್ದನಂತೆ.

ಯಾರು ಏನಂದರೂ ಅವಳು ತಡೆದುಕೊಂಡಳು. ತಡೆಯಲಾರದ್ದು ಒಂದೇ, ಲೆಯಾಂಡ್ರ್ ಬರುವುದನ್ನು ನಿಲ್ಲಿಸಿದ್ದು. ಮೊದಲ ಭಾನುವಾರ ಕಿಟಕಿಯ ಬಳಿ ಮೂರು ಗಂಟೆಯವರೆಗೆ ನಿಂತಿದ್ದಳು. ಎರಡನೇ ಭಾನುವಾರದಿಂದ ಮೇಜಿನ ಮೇಲೆ ಎರಡೇ ತಟ್ಟೆ ಇಟ್ಟಳು. ಬರದವನಿಗೆ ತಟ್ಟೆ ಇಟ್ಟರೆ ಅದೂ ಸುಳ್ಳೇ ಎನ್ನುವ ಜಾತಿ ಅವಳದು. ಆದರೆ ಸೂಪು ಮಾತ್ರ ಮೂವರಿಗಾಗುವಷ್ಟೇ ಮಾಡುತ್ತಿದ್ದಳು, ಸೋಮವಾರ ಮಂಗಳವಾರ ನಾವಿಬ್ಬರೂ ಅದನ್ನೇ ಕುಡಿಯುತ್ತಿದ್ದೆವು. ಹೀಗೆ ಎರಡು ವರ್ಷ.

ಅಷ್ಟರಲ್ಲಿ ನನಗೆ ಹೊಳೆಗುಂಟ ಮೇಲಕ್ಕಿರುವ ಊರಿನ ಕಾಲೇಜೊಂದರ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿತ್ತು. ಕಳೆದ ಜನವರಿಯಲ್ಲಿ ತಿವಿಯೆರ್ಜ್ ಒಂದು ಮರದ ಪೆಟ್ಟಿಗೆ ಕಳಿಸಿದರು, ವಿದ್ಯಾರ್ಥಿಗಳು ಬಿಚ್ಚಿ ಕಲಿಯಲಿ ಎಂದು. ತೆರೆದು ನೋಡಿದರೆ ನಮ್ಮ ಕೊಳವೆಯ ಎರಡನೇ ತುದಿ, ಸೊಲಾಂಜಳ ಬೆಸುಗೆ ಸಮೇತ. ತಂತಿಗಳು ಹಾಗೇ ಇದ್ದವು. ಭೂತಗನ್ನಡಿ ಹಿಡಿದೆ. ಚಳಿಗೆ ಮೇಲಿನ ಲೇಪ ಬಿರಿದು, ಬಿಗಿಯಾಗಿ ಹೊಸೆದ ಆ ಕೊನೆಯ ಸುತ್ತಿನಲ್ಲೇ ಎರಡೂ ತಾಗಿಕೊಂಡಿದ್ದವು. ಅವಳ ಮಾತು ನೂರಕ್ಕೆ ನೂರು ಸರಿ. ಅಷ್ಟಕ್ಕೆ ಬಿಡಬೇಕಿತ್ತು ನಾನು. ಬಿಡಲಿಲ್ಲ. ಹೊಸ ತಂತಿ ಹಾಕಿ, ತುದಿಯನ್ನು ನೈಟ್ರೋಜನ್ನಿನಲ್ಲಿ ಮುಳುಗಿಸಿ, ಪರೀಕ್ಷೆಯ ಕರೆಂಟ್ ಹಾಯಿಸಿ ಅಳೆದೆ. ಶೆಡ್ಡಿನ ಪೂರ್ತಿ ಕರೆಂಟಿಗೆ ಲೆಕ್ಕ ಹಾಕಿದೆ. ಒಂದು ಪಾಯಿಂಟ್ ಒಂದು. ಮೂರು ಸಲ ಅಳೆದೆ, ಮೂರು ಸಲವೂ ಅದೇ. ಸಲೀಸಾದ ಮೊದಲ ತುದಿಗಿಂತಲೂ ಚೆನ್ನಾಗಿತ್ತು ಬೆನ್ನ ಮೇಲೆ ಮಲಗಿ ಹಾಕಿದ ಬೆಸುಗೆ. ಆ ತಿಂಗಳು ಕೊಟ್ಟಿದ್ದರೆ ಪಾಸಾಗುತ್ತಿತ್ತು. ಪ್ರಯೋಗಾಲಯದ ಬಾಗಿಲು ಹಾಕಿಕೊಂಡು ಅತ್ತೆ, ಯಾರಿಗೂ ಹೇಳಲಿಲ್ಲ, ಅವಳಿಗಂತೂ ಇಲ್ಲವೇ ಇಲ್ಲ.

ಮಾರ್ಚಿನಲ್ಲಿ ಮೊಳೆ ಅಂಗಡಿಯಲ್ಲಿ ಲೆಯಾಂಡ್ರ್ ಸಿಕ್ಕ. ಅಲ್ಲೇ ಸಾಮಾನು ಎತ್ತಿಡುವ ಕೆಲಸ ಮಾಡುತ್ತಿದ್ದ, ಬೆನ್ನು ಬಾಗಿತ್ತು. ಪೆಟ್ಟಿಗೆ ನಮ್ಮ ಕಾಲೇಜಿಗೆ ಬಂದದ್ದು ಅವನಿಗೆ ಹೇಗೋ ಗೊತ್ತಾಗಿತ್ತು. ಒಂದು ಮೊಳೆಯ ಡಬ್ಬಿಯನ್ನು ಕೈಯಲ್ಲಿ ತಿರುಗಿಸುತ್ತಾ, ನನ್ನ ಮುಖ ನೋಡದೆ ಕೇಳಿದ: "ಆ ಬೆಸುಗೆ ಕೆಟ್ಟಿತ್ತಾ, ಮಾರ್ಜೊಲೆನ್?"

"ಕೆಟ್ಟಿತ್ತು" ಎಂದೆ.

ಯೋಚನೆ ಮಾಡಲೇ ಇಲ್ಲ, ಬಾಯಿಂದ ಬಂದುಬಿಟ್ಟಿತು. ಅವನು ಡಬ್ಬಿ ಕೆಳಗಿಟ್ಟು, ಕೈಯಿಂದ ಮುಖ ಒರೆಸಿಕೊಂಡು, ಒಳಗೆ ಹೋದ.

ಅದೇ ಗುರುವಾರ ಅವನು ಸೊಲಾಂಜ್‌ಗೆ ಫೋನ್ ಮಾಡಿ ಭಾನುವಾರ ಊಟಕ್ಕೆ ಬರುತ್ತೇನೆ ಎಂದ. ಯಾಕೆಂದು ಅವಳು ಕೇಳಲಿಲ್ಲ. ಕಾಳು ನೆನೆಹಾಕಿದಳು, ಮೇಜಿನ ಬಟ್ಟೆ ಇಸ್ತ್ರಿ ಮಾಡಿದಳು, ಮೆಟ್ಟಿಲ ಮಂಜನ್ನು ಎರಡು ಸಲ ಕೆರೆದಳು. ಯಾಕೆ ಬರುತ್ತಿದ್ದಾನೆಂದು ನನಗೆ ಗೊತ್ತಿತ್ತು. ಮೂರು ದಿನ ಇತ್ತು ಅವಳಿಗೆ ಹೇಳಲು. ಅವಳು ಅಡುಗೆಮನೆಯಲ್ಲಿ ಗುನುಗುತ್ತಿದ್ದಳು, ಎರಡು ವರ್ಷದಲ್ಲಿ ಮೊದಲ ಸಲ. ನನಗೆ ಧೈರ್ಯ ಸಾಲಲಿಲ್ಲ.

ಭಾನುವಾರ ಮೂರು ತಟ್ಟೆ ಇಟ್ಟಳು. ಲೆಯಾಂಡ್ರ್ ಬಂದ, ಬೂಟು ಬಿಚ್ಚಿ ಬಾಗಿಲ ಬಳಿ ಇಟ್ಟ, ತನ್ನ ಹಳೆಯ ಕುರ್ಚಿಯಲ್ಲಿ ಕೂತ. ಹವಾಮಾನದ ಮಾತು, ಮೀನಿನ ಮಾತು. ಅರ್ಧ ಸೂಪು ಮುಗಿಸಿ ಕೈ ಚಾಚಿ ಅವಳ ಮಣಿಕಟ್ಟು ಹಿಡಿದುಕೊಂಡ.

"ಅಕ್ಕ, ನಿನ್ನ ಮಾತೇ ಸರಿ ಇತ್ತಂತೆ. ಬೆಸುಗೆ ಕೆಟ್ಟಿತ್ತಂತೆ, ಇವಳು ಹೇಳಿದ್ಲು. ನಾನು ಅಲ್ಲೇ ನಿಂತಿರ್ತಿದ್ದೆ. ನನ್ನ ಉಳಿಸ್ದೋಳಿಗೆ ನಾನು..."

ಸೊಲಾಂಜ್ ನನ್ನ ಕಡೆ ತಿರುಗಿದಳು. "ನೀನು ಅಳೆದ್ಯಾ?"

"ಹೂಂ."

"ಮೊದಲು ತಂತಿ ನೋಡಿದ್ಯಾ?"

"ನೋಡ್ದೆ. ತಾಗಿಕೊಂಡಿದ್ವು. ಹೊಸದು ಹಾಕಿ ಅಳೆದೆ."

"ಎಷ್ಟು ಬಂತು?"

"ಜಾಸ್ತೀನೇ ಬಂತು."

"ಜಾಸ್ತಿ ಅನ್ನೋದು ಅಳತೆ ಅಲ್ಲ ಮಗಳೇ. ಎಷ್ಟು?"

ಕಣ್ಣಿನಲ್ಲೇ ಬೇಡಿಕೊಂಡೆ, ಬಿಡು, ಇವತ್ತೊಂದು ದಿನ ಬಿಡು ಎಂದು. ಅವಳಿಗೆ ಅರ್ಥವಾಗಿತ್ತು. ಅರ್ಥವಾಗಿಯೇ ಅವಳ ಕೆನ್ನೆಯ ಬಣ್ಣ ಇಳಿದಿತ್ತು. ಆದರೂ ಕಾದಳು, ಕ್ರೇನ್ ವಾಪಸ್ ಬರುವುದನ್ನು ಕಾದ ಹಾಗೆ. ಅವಳ ಮುಂದೆ ಸುಳ್ಳು ಅಂಕಿ ಹೇಳಲು ನನ್ನ ನಾಲಿಗೆ ಏಳಲಿಲ್ಲ.

"ಒಂದು ಪಾಯಿಂಟ್ ಒಂದು" ಎಂದೆ.

ಲೆಯಾಂಡ್ರ್‌ಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಎರಡರೊಳಗೆ ಬಂದರೆ ಪಾಸು ಎನ್ನುವ ಲೆಕ್ಕ ಗೊತ್ತಿಲ್ಲದವರು ನಮ್ಮೂರಲ್ಲಿಲ್ಲ. ಅವನು ಅವಳ ಮಣಿಕಟ್ಟು ಬಿಟ್ಟ. ಎದ್ದು ಬಾಗಿಲ ಬಳಿ ಹೋಗಿ ಬೂಟು ಹಾಕಿಕೊಳ್ಳತೊಡಗಿದ. ಚಳಿಗಾಲದ ಬೂಟಿನ ಲೇಸು ಕಟ್ಟಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತೂ ನಾವಿಬ್ಬರು ಕೇಳುತ್ತಾ ಕೂತಿದ್ದೆವು. ಬಾಗಿಲು ತೆರೆದು ನಿಂತು ಹೇಳಿದ: "ಕೇಳದೆ ಸುಮ್ನೆ ಇರಬಹುದಿತ್ತಲ್ಲ ಸೊಲಾಂಜ್. ನಾನು ಬಂದಿದ್ನಲ್ಲ."

"ಬಂದಿದ್ದೆ ಕಣೋ" ಎಂದಳು ಅವಳು. "ಇಲ್ಲದ್ದನ್ನ ನಂಬ್ಕೊಂಡು ಬಂದಿದ್ದೆ."

ಅವನು ಬಾಗಿಲು ಎಳೆದುಕೊಂಡು ಹೋದ.

ನನ್ನನ್ನು ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ಕಪಾಟಿನಿಂದ ಹಳೆಯ ನೋಟ್‌ಬುಕ್ ತಂದು, ಪರೀಕ್ಷೆಯ ದಿನದ ಹಾಳೆ ತೆಗೆದು ನನ್ನ ಮುಂದಿಟ್ಟಳು. ಎರಡನೇ ತುದಿ ಎಂದು ಬರೆದಲ್ಲಿ ಸೊನ್ನೆಯನ್ನು ಅಡ್ಡಗೆರೆ ಹಾಕಿ ಹೊಡೆದಿದ್ದಳು, ಪಕ್ಕದ ಜಾಗ ಖಾಲಿ ಬಿಟ್ಟಿದ್ದಳು. ಅಳೆದವರೇ ಬರೆಯಬೇಕು, ಬರಿ ಎಂದಳು. ಬರೆದೆ. ಅವಳು ಕನ್ನಡಕ ಹಾಕಿ ಬಹಳ ಹೊತ್ತು ಅದನ್ನೇ ನೋಡಿದಳು.

"ಚೆನ್ನಾಗಿ ಹಾಕಿದ್ದೆ ಅಲ್ವಾ" ಎಂದಳು. ಆಮೇಲೆ ಮೇಜಿನ ಮೇಲೆ ತಲೆಯಿಟ್ಟು ಅತ್ತಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮುಂದಿನ ಭಾನುವಾರ ಎರಡು ತಟ್ಟೆ ಇಟ್ಟಳು. ಸೂಪನ್ನೂ ಇಬ್ಬರಿಗಾಗುವಷ್ಟೇ ಮಾಡಿದ್ದಳು.